ಮೇಣದ ಮುದ್ರೆಯ ಉಂಗುರ

ಮಗು, ನಿನ್ನ ಅಜ್ಜಿ ನಾನು ಮಗಳ ಮನೆಗೆ ಬಂದಿದ್ದಾಗ, ನಿಮ್ಮ ಅಪ್ಪ ಅಮ್ಮ ಆಫೀಸಿಗೆ ಹೊರಡುವಾಗ ಸೀಡರ್ ಪಾರ್ಕ್ ಊರಿನ ಆ ಮನೆಯ ಬಾಗಿಲಿಗೆ ಅಲಾರಂ ಹಾಕುತ್ತಿದ್ದರು. ನಾನು ತೆರೆದರೆ ಅದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಹಾಗಾಗಿ ರಂಗೋಲಿಯನ್ನೂ ಹೊಸಿಲಿನ ಒಳಗೇ ಎಳೆಯುತ್ತಿದ್ದೆ.

ಒಮ್ಮೆ ಹ್ಯೂಸ್ಟನ್ನಿನ ಮ್ಯೂಸಿಯಂನಲ್ಲಿ ಹಳೆಯ ರೋಮಿನ ಉಂಗುರವೊಂದನ್ನು ನೋಡಿದೆವು. ಕೆಂಪು ಹರಳಿನಲ್ಲಿ ಇರುವೆಯನ್ನು ಕೊರೆದಿದ್ದರು.

"ಉಗ್ರಾಣದ ಬಾಗಿಲಿಗೆ ಮೇಣ ಮೆತ್ತಿ ಇದನ್ನ ಒತ್ತೋರಂತೆ. ಯಾರು ತೆಗೆದ್ರೂ ಯಜಮಾನನಿಗೆ ಗೊತ್ತಾಗುತ್ತೆ," ಎಂದು ನಿಮ್ಮಮ್ಮ ಪಕ್ಕದ ಫಲಕ ಓದಿ ಹೇಳಿದಳು.

"ನಮ್ಮನೆ ಅಲಾರಂ ಥರ. ಅದನ್ನ ಆಫ್ ಮಾಡೋ ನಂಬರ್ ನನಗೂ ಹೇಳ್ಕೊಡೇ," ಎಂದೆ. ಇಷ್ಟು ಕೇಳಲು ಎಷ್ಟೋ ದಿನದಿಂದ ಧೈರ್ಯ ಬಂದಿರಲಿಲ್ಲ.

"ಬೇಡಮ್ಮ, ತಪ್ಪು ಒತ್ತಿದ್ರೆ ಪೊಲೀಸ್ ಬಂದ್ಬಿಡ್ತಾರೆ. ಆಚೆ ಹೋಗಿ ನೀನೇನು ಮಾಡ್ತೀಯ?"

ಸುಮ್ಮನೆ ನಿಲ್ಲುತ್ತೇನೆ ಎನ್ನಲು ನಾಚಿಕೆಯಾಯಿತು. ಮುಂದಿನ ಗಾಜಿನ ಪೆಟ್ಟಿಗೆಯತ್ತ ನಡೆದೆ.