ಮಾವ ಅಳಿಸಬೇಡ ಎಂದ ಬ್ಯಾಕಪ್‌ಗಳು

ಆ ಸೂಜಿಯ ತುದಿಯಲ್ಲಿ ನಿಂತಿದ್ದ ಹನಿ ನನಗೆ ಈಗಲೂ ಕಾಣಿಸುತ್ತದೆ; ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಊಟದ ಎಲೆಯ ಮುಂದೆ. ಅದನ್ನು ಅಲ್ಲಿಯವರೆಗೆ ತಂದದ್ದು ನಾನು, ನನ್ನ ಸೋದರಮಾವ ಮತ್ತು ತುಂಬಿಹೋದ ಒಂದು ಡಿಸ್ಕು.

ತಮಿಳುನಾಡಿನ ತೇನಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಮಾವ ಮ್ಯಾನೇಜರು. ದಿಂಡಿಗಲ್ಲಿನಲ್ಲಿ ಎಂ.ಸಿ.ಎ. ಮುಗಿಸಿದ ನಾನು ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಲಿಫ್ಟು ಕೆಟ್ಟರೂ ನನ್ನನ್ನೇ ಕೂಗುತ್ತಾರೆ. ಕಾಗದದ ಕೇಸ್ ಶೀಟನ್ನು ಮಾವ ಹೆಮ್ಮೆಯಿಂದ ನಿಲ್ಲಿಸಿದ್ದರು. ರೋಗಿಗಳ ವಿವರವೆಲ್ಲ ಕಂಪ್ಯೂಟರಿನಲ್ಲೇ. ದಿನಕ್ಕೊಮ್ಮೆ ಅದರ ಪೂರ್ತಿ ನಕಲು, ಅಂದರೆ ಬ್ಯಾಕಪ್, ಇನ್ನೊಂದು ಡಿಸ್ಕಿಗೆ ತಾನಾಗಿ ಹೋಗುತ್ತದೆ. ಆ ಡಿಸ್ಕು ಎಷ್ಟು ತುಂಬಿತೆಂದು ಪ್ರತಿ ಸೋಮವಾರ ನೋಡಿ ಗ್ರಾಫಿನ ಗೆರೆ ಎಳೆಯುವುದು ನನ್ನ ಕೆಲಸ.

"ಹಳೇದ್ನ ಅಳಿಸ್ಬೇಕು ಮಾವ. ಒಂದು ತಿಂಗ್ಳುದು ಇದ್ರೆ ಸಾಕು."

ತಲೆಮಾರುಗಳಿಂದ ಈ ಕಡೆ ನೆಲೆಸಿದ, ಮನೆಯಲ್ಲಿ ಕನ್ನಡ ಆಡುವ ನಮ್ಮ ಜನ ಹತ್ತಿರದ ಕಂಬಂ ಊರಿನಲ್ಲಿ ದೇವರ ಹೆಸರಿಗೆ ಒಂದು ದನದ ಮಂದೆ ಸಾಕುತ್ತಾರೆ. ಹರಕೆಯ ಕರು ಅಲ್ಲಿಗೆ ಸೇರಿದರೆ ಮುಗಿಯಿತು: ಮಾರುವಂತಿಲ್ಲ, ಹಾಲು ಕರೆಯುವಂತಿಲ್ಲ, ಸತ್ತರೆ ಹೂಳಬೇಕು. ಮಾವ ಬ್ಯಾಕಪ್ಪುಗಳನ್ನೂ ಅದೇ ಕೊಟ್ಟಿಗೆಯಲ್ಲಿ ಕಟ್ಟಿದರು.

"ಒಳಗ ಸೇರ್ದುದನ್ನ ಹೊರಗ ಅಟ್ಟೋ ವಾಡಿಕೆ ನಮ್ಗಿಲ್ಲ ಮಾಪ್ಳೆ. ಒಂದ್ನೂ ಅಳಿಸ್ಬೇಡ."

"ಇವು ಹುಲ್ಲು ತಿನ್ನಲ್ಲ ಮಾವ, ಜಾಗ ತಿನ್ತವೆ."

"ತಿನ್ಲಿ ಬಿಡು. ಎಂದಿಗೆ ತುಂಬ್ತದೆ, ಅದ ಹೇಳು."

ಆ ಸೋಮವಾರ ವರ್ಷದ ಸರಾಸರಿ ತೆಗೆದು, ದೀಪಾವಳಿಯವರೆಗೆ ಚಿಂತೆಯಿಲ್ಲ ಎಂದೆ. ಆದರೆ ಎರಡು ವಾರದಿಂದ ಎಕ್ಸ್‌ರೇ ಚಿತ್ರಗಳೂ ಅದರೊಳಗೆ ಸೇರುತ್ತಿದ್ದವು. ಒಂದೊಂದು ನಕಲೂ ಮೂರು ಪಟ್ಟು ಊದಿತ್ತು, ನನ್ನ ಗೆರೆ ಗೋಡೆ ಹತ್ತುತ್ತಿತ್ತು. ಅದನ್ನು ಉಳಿದ ತಿಂಗಳುಗಳ ಸಾಧು ಗೆರೆಯ ಜೊತೆ ಕೂಡಿಸಿ ಭಾಗಿಸಿದ್ದೆ, ಎಂ.ಸಿ.ಎ. ಓದಿದ್ದು ಇದಕ್ಕೇ. ಮಾರನೆಯ ದಿನದ ನಕಲು ಮುಗಿಯುತ್ತಲೇ ಡಿಸ್ಕು ತುಂಬಿತು, ಮುಂದಿನ ನಕಲು ನಿಂತಿತು. ನಿಂತಿದೆ ಎಂಬ ಸಂದೇಶ ದಿನವೂ ಮಾವನ ಇಮೇಲಿಗೆ ಹೋಗುತ್ತಿತ್ತು. ಅದರ ಪಾಸ್‌ವರ್ಡು ಮಾವನಿಗೆ ಮರೆತುಹೋಗಿತ್ತು. ಮುಂದಿನ ಸೋಮವಾರ ನಾನು ಪಕ್ಕದ ಬೋಡಿ ಊರಿನಲ್ಲಿ ಮದುವೆಯೂಟದ ಎರಡನೇ ಪಂಕ್ತಿಯಲ್ಲಿದ್ದೆ.

ಬುಧವಾರ ಬೆಳಿಗ್ಗೆ, ಹೋಗಿದ್ದ ಕರೆಂಟು ಒಮ್ಮೆಲೇ ಜೋರಾಗಿ ನುಗ್ಗಿ ಬಂದು ಮುಖ್ಯ ಕಂಪ್ಯೂಟರು ಸುಟ್ಟುಹೋಯಿತು. ಇನ್ನೊಂದು ಯಂತ್ರಕ್ಕೆ ನಕಲು ತುಂಬಲು ಹೋದರೆ, ಇದ್ದುದರಲ್ಲಿ ಹೊಸದು ಎಂಟು ದಿನ ಹಳೆಯದು.

"ಎಂಟು ದಿನ ತಾನೆ? ಹಾಕು. ಡಾಕ್ಟ್ರು ಬಯ್ತಾ ಇದಾರ," ಎಂದರು ಮಾವ.

ಹಾಕಿದೆ. ಇದು ಎಂಟು ದಿನ ಹಳೆಯದೆಂದು ನರ್ಸುಗಳಿಗೆ ಒಂದು ಮಾತು ಹೇಳಬೇಕಿತ್ತು. ಹೇಳದೆ, ಕಂಪ್ಯೂಟರಿನ ಪರದೆಯಲ್ಲಿ ವಿವರ ಸರಿಯಾಗಿ ಮೂಡುತ್ತಿದೆಯೇ ಎಂದು ನೋಡಲು ಹೆಂಗಸರ ವಾರ್ಡಿಗೆ ಹೋದೆ.

ಅಲ್ಲಿ ಕಾಲಿನ ಹುಣ್ಣಿಗೆಂದು ಎರಡು ವಾರದಿಂದ ಮಲಗಿದ್ದ, ನಮ್ಮವರೇ ಆದ ಒಬ್ಬ ಅಜ್ಜಿ. ರಜೆ ಮುಗಿಸಿ ಅಂದೇ ಬಂದಿದ್ದ ನರ್ಸು ಪರದೆ ನೋಡಿ, ಸಿರಿಂಜು ತುಂಬಿ, ಅದರೊಳಗಿನ ಗಾಳಿಯನ್ನು ಹೊರತಳ್ಳಿದಳು. ಹನಿ ನಿಂತಿತು. ಅಜ್ಜಿ ಕೈ ಹಿಂದಕ್ಕೆಳೆದುಕೊಂಡು, ಹೆದರಿಕೆಯಲ್ಲಿ ತಮಿಳು ಬಿಟ್ಟು ಮನೆಮಾತಿನಲ್ಲೇ ಒದರಿದಳು: "ಅದೇ ಊಸಿನಾ? ಮೊನ್ನೆ ಅದ್ನ ಹಾಕಿ ಉಸ್ರು ಕಟ್ಟೋಯ್ತಲ್ಲೇ ತಾಯಿ! ಬ್ಯಾಡಂತ ದೊಡ್ ಡಾಕ್ಟ್ರೇ ಬರ್ಸಿದ್ರಲ್ಲ!"

ನರ್ಸಿಗೆ ಕನ್ನಡ ಬಾರದು. ಮುದುಕಿ ಸೂಜಿಗೆ ಹೆದರುತ್ತಿದ್ದಾಳೆಂದು ತಮಿಳಿನಲ್ಲಿ ಮುದ್ದು ಮಾಡುತ್ತಾ ತೋಳು ಹಿಡಿದಳು. ಡಾಕ್ಟರು ಬರೆಸಿದ್ದು ನಾಲ್ಕು ದಿನದ ಕೆಳಗೆ. ನಾನು ಹಾಕಿದ ನಕಲಿನಲ್ಲಿ ಆ ದಿನವೇ ಹುಟ್ಟಿರಲಿಲ್ಲ.

"ಸಿಸ್ಟರ್, ನಿಲ್ಲುಂಗ!" ಎಂದು ನಾನು ಕಿರುಚಿದ್ದಕ್ಕೆ ಮೂರನೇ ಹಾಸಿಗೆಯವಳ ಕಾಫಿ ಚೆಲ್ಲಿತು.

ಹನಿ ಅಜ್ಜಿಯ ಸೆರಗಿನ ಮೇಲೆ ಬಿತ್ತು. ಮಾವ ಏದುಸಿರು ಬಿಡುತ್ತಾ ಬಂದು, ವಿಷಯ ಕೇಳಿ, ಹಾಸಿಗೆಯ ಅಂಚಿನಲ್ಲಿ ಕುಸಿದರು. ಅಜ್ಜಿ ಅವರ ಬೆನ್ನು ಸವರಿ, "ನಿಂಗೇನಾಯ್ತು ಮಗ? ನೀರು ಕುಡಿ," ಎಂದಳು. ನಂತರ ನನ್ನತ್ತ ತಿರುಗಿ, "ಉಳಿದೋರ್ನೂ ಕೇಳ್ಲಾ, ಇಲ್ಲೇ ಕಂಬದಂಗ ನಿಂತ್ಕಬೇಡ," ಎಂದಳು.

ಎಲ್ಲ ಸೂಜಿಗಳನ್ನೂ ನಿಲ್ಲಿಸಿದೆವು. ಒಂದೊಂದು ಹಾಸಿಗೆಗೂ ಹೋಗಿ, ಈ ಎಂಟು ದಿನದಲ್ಲಿ ಯಾವ ಔಷಧ ಬದಲಾಯಿತು, ಯಾವುದು ಒಗ್ಗಲಿಲ್ಲ ಎಂದು ನಾನು ಕೇಳುತ್ತಾ ಬಂದೆ. ಬರೆದುಕೊಂಡವರು ಮಾವ, ಕಾಗದದ ಮೇಲೆ.