ಹಡಗಿನ ರೂಮಿನ ರೇಟು

ಇವತ್ತು ಬೆಳಿಗ್ಗೆ ಗಾಳಿ ನಮ್ಮ ಮನೆಯ ಕಡೆಗೆ ತಿರುಗಿತ್ತು. ನೀವು ರಾಮನಗರಕ್ಕೆ ಹೊಸಬರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸುವಾಗ ಏಳುವ ವಾಸನೆ ಅದು. ಒಳಗಿನ ಹುಳು ಬೆಂದ ವಾಸನೆ ಅಂತ ಬಿಡಿಸಿ ಹೇಳಿದರೆ ಇನ್ನೂ ದೂರ ಹೋದೀರಿ. ನನಗೆ ಮಾತ್ರ ಆ ವಾಸನೆ ಬಂದ ಕೂಡಲೇ ಅನ್ವರ್ ನೆನಪಾಗುತ್ತಾನೆ. ಅನ್ವರ್ ನೆನಪಾದರೆ ಹಡಗು ನೆನಪಾಗುತ್ತದೆ. ಹಡಗು ನೆನಪಾದರೆ ಕೂತಲ್ಲೇ ಒಂದಿಷ್ಟು ಕುಗ್ಗುತ್ತೇನೆ.

ಅನ್ವರ್ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಗೂಡಿನಿಂದ ನೂಲು ತೆಗೆಯುವುದು ಅವನಿಗೆ ಅಪ್ಪನ ಕಾಲದಿಂದ ಬಂದ ಕೆಲಸ. ಮಾರುಕಟ್ಟೆಯಲ್ಲಿ ಅವನನ್ನು ನೋಡಬೇಕು ನೀವು. ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಸದ್ದು ಕೇಳಿ, ಹರಾಜಿನಲ್ಲಿ ಇದಕ್ಕೆ ಎಲ್ಲಿಯವರೆಗೆ ಕೂಗಬಹುದು ಅಂತ ಅಲ್ಲೇ ತೀರ್ಮಾನಿಸುತ್ತಾನೆ. ನನ್ನ ಕಸುಬು ಬೇರೆ. ಸರ್ಕಾರಿ ಕಚೇರಿಯಲ್ಲಿ ಕೂತು, ಜನ ತಂದ ಕಾಗದಪತ್ರಗಳಲ್ಲಿ ಯಾರಾದರೂ ಅಕ್ಷರ ತಿದ್ದಿದ್ದಾರೆಯೇ ಅಂತ ಸರ್ವೀಸ್ ಪೂರ್ತಿ ಹುಡುಕಿದವನು ನಾನು. ನಿವೃತ್ತಿಯಾದ ಮೇಲೆ ಕಚೇರಿ ಬಿಟ್ಟೆ, ಹುಡುಕುವುದನ್ನು ಬಿಡಲಿಲ್ಲ. ಒಮ್ಮೆ ಮೊಮ್ಮಗಳಿಗೆ ಮರದ ಕುದುರೆ ತರೋಣ ಅಂತ ಚನ್ನಪಟ್ಟಣಕ್ಕೆ ಹೋದೆ. ನಾಲ್ಕು ಅಂಗಡಿಯಲ್ಲಿ ಕೇಳಿದೆ. ನಾಲ್ಕೂ ಕಡೆ ಒಂದೇ ಬೆಲೆ ಹೇಳಿದರು. ಹಾಗಾದರೆ ಇವರೆಲ್ಲ ಮೊದಲೇ ಮಾತಾಡಿಕೊಂಡಿದ್ದಾರೆ ಅಂತ ಗುಮಾನಿ ಬಂದು, ಬರಿಗೈಯಲ್ಲಿ ಬಸ್ಸು ಹತ್ತಿದೆ. ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಹಡಗಿನ ಆಸೆ ನನ್ನದಲ್ಲ, ನನ್ನ ಹೆಂಡತಿ ನಾಗರತ್ನಳದು. ಕುದೂರಿನಲ್ಲಿ ಹುಟ್ಟಿದವಳು, ಅವಳು ನೋಡಿದ ಅತಿ ದೊಡ್ಡ ನೀರು ಅಂದರೆ ಕಣ್ವ ಜಲಾಶಯ. ಮಂಡಿ ನೋವು ಶುರುವಾದ ಮೇಲೆ, “ಬೆಟ್ಟ ಹತ್ತಿಸೋ ಟೂರ್ ಬೇಡ ಕಣ್ರೀ, ಕೂತ ಕಡೆ ಕೂತ್ಕೊಂಡು ಸಮುದ್ರ ನೋಡಬೇಕು” ಅನ್ನತೊಡಗಿದಳು. ಇದು ಅನ್ವರನ ಹೆಂಡತಿ ಶಾಹೀನ್ ಭಾಭಿಯ ಕಿವಿಗೆ ಬಿತ್ತು. ಅಲ್ಲಿಂದ ಅನ್ವರನ ಕಿವಿಗೆ. ಅವನು ಮುಂಬೈಯಿಂದ ಹೊರಡುವ ಹಡಗೊಂದನ್ನು ಹುಡುಕಿಕೊಂಡು ಬಂದೇಬಿಟ್ಟ.

“ಇನ್ನೂ ಎಂಟು ತಿಂಗ್ಳು ಐತೆ. ಈಗ್ಲೇ ಬುಕ್ ಮಾಡ್ಬುಟ್ರೆ ರೇಟು ಕಮ್ಮಿ ಕಣ್ಲಾ. ರೂಮು ತುಂಬ್ತಾ ತುಂಬ್ತಾ ಏರಿಸ್ತಾ ಹೋಯ್ತಾರೆ” ಅಂದ.

“ತುಂಬ್ದೆ ಇದ್ರೆ? ಖಾಲಿ ಹಡಗು ಓಡಿಸ್ತಾರಾ? ಕೊನೇಲಿ ಇಳಿಸೇ ಇಳಿಸ್ತಾರೆ” ಅಂದೆ ನಾನು.

“ಇಳಿಸಿದ್ರೆ ಅವತ್ತು ಕೇಳಾನ. ಸಂಜೆ ಸೊಪ್ಪು ಅಗ್ಗ ಆಯ್ತದೆ ಅಂತ ಸಂತೇಲಿ ಕಾದಂಗೆ ಹಡಗಿಗೆ ಕಾಯಕ್ಕಾಯ್ತದಾ?”

ಫೋನಿನಲ್ಲಿ ಹಣ ಕಟ್ಟಲು ನನಗೆ ನಂಬಿಕೆ ಇಲ್ಲ. ಆದ್ದರಿಂದ ನನ್ನ ಮತ್ತು ನಾಗರತ್ನಳ ಹಣವನ್ನು ಅನ್ವರನ ಕೈಗೇ ಕೊಟ್ಟೆ. ಅವನು ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರ ಮೂಲಕ ನಾಲ್ವರಿಗೂ ಬುಕ್ ಮಾಡಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೊಂಡ ಮೇಲೂ ಬೆಲೆ ನೋಡುವ ರೋಗ ನನಗೆ. ನಿಮಗೂ ಇದ್ದರೆ ಅರ್ಥವಾಗುತ್ತದೆ. ದಿನಾ ಕಾಫಿ ಕುಡಿಯುತ್ತಾ ಫೋನಿನಲ್ಲಿ ಅದೇ ಹಡಗಿನ ರೇಟು ನೋಡುತ್ತಿದ್ದೆ. ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ರೇಟು ಇಳಿದಿತ್ತು. ಸ್ವಲ್ಪವಲ್ಲ, ಚೆನ್ನಾಗಿಯೇ ಇಳಿದಿತ್ತು.

ನಾನು ಅನ್ವರನಿಗೆ ಹೇಳಲಿಲ್ಲ. ಅವನೇ ಹೇಳುತ್ತಾನಾ ನೋಡೋಣ ಅಂತ ಕಾದೆ. ನನ್ನ ಸಣ್ಣತನ ಇಲ್ಲಿಂದಲೇ ಶುರುವಾಯಿತು ಅಂತ ಈಗ ಗೊತ್ತಾಗುತ್ತದೆ. ಅವನು ಹೇಳಲಿಲ್ಲ. ಒಂದು ದಿನ ಅವನ ಫಿಲೇಚರಿಗೆ, ಅಂದರೆ ನೂಲು ತೆಗೆಯುವ ಕಾರ್ಖಾನೆಗೆ, ಹೋದಾಗ ಯಾರದೋ ಜೊತೆ ಫೋನಿನಲ್ಲಿ ‘ಸರ್, ಪ್ಲೀಸ್’ ಅನ್ನುತ್ತಾ ಜೋರಾಗಿ ಚೌಕಾಸಿ ಮಾಡುತ್ತಿದ್ದ. ನನ್ನನ್ನು ಕಂಡವನೇ, “ಆಮೇಲೆ ಮಾಡ್ತೀನಿ” ಅಂತ ಕಟ್ ಮಾಡಿದ. “ಯಾರ್ಲಾ ಅದು?” ಅಂದರೆ “ಗೂಡಿನೋರು” ಅಂದ. ಗೂಡಿನವರ ಜೊತೆ ಯಾರಾದರೂ ‘ಸರ್, ಪ್ಲೀಸ್’ ಅಂತಾರಾ? ಟ್ರಾವೆಲ್ಸ್‌ನವರು ವ್ಯತ್ಯಾಸದ ಹಣ ವಾಪಸು ಕೊಟ್ಟಿದ್ದಾರೆ, ಇವನು ನುಂಗಿದ್ದಾನೆ ಅಂತ ಮನಸ್ಸಿನಲ್ಲೇ ಕಡತ ತೆರೆದೆ. ಬೆಂಚಿನ ಗೆಳೆಯನ ಮೇಲೆ ಅಷ್ಟು ಸಲೀಸಾಗಿ ಹೇಗೆ ತೆರೆದೆನೋ.

ಹಡಗು ಹತ್ತಿದೆವು. ನಮ್ಮ ರೂಮಿನಲ್ಲಿ ಗೋಡೆಯಗಲದ ಕಿಟಕಿ. ನಾಗರತ್ನ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತವಳು ಊಟಕ್ಕೆ ಕರೆದರೂ ಏಳಲೊಲ್ಲಳು. ನಾನು ಮಾತ್ರ ಸಮುದ್ರ ನೋಡಲಿಲ್ಲ. ಲಿಫ್ಟಿನಲ್ಲಿ, ತಿಂಡಿಯ ಸಾಲಿನಲ್ಲಿ, ಸಿಕ್ಕಸಿಕ್ಕವರನ್ನು “ನಿಮಗೆಷ್ಟಾಯ್ತು? ಯಾವಾಗ ಬುಕ್ ಮಾಡಿದ್ರಿ?” ಅಂತ ವಿಚಾರಿಸುತ್ತಾ ತಿರುಗಿದೆ. ಮೂರನೇ ದಿನ ಮಧ್ಯಾಹ್ನ ಊಟದ ಟೇಬಲ್ಲಿನಲ್ಲಿ ಹುಬ್ಬಳ್ಳಿಯ ದಂಪತಿ ಜೊತೆಯಾದರು. ನಮಗಿಂತ ತಡವಾಗಿ, ನಮಗಿಂತ ಕಡಿಮೆಗೆ ಬುಕ್ ಮಾಡಿದ್ದರಂತೆ. ಅವರು ಎದ್ದು ಹೋಗುವುದನ್ನೇ ಕಾದಿದ್ದು ಕೇಳಿಬಿಟ್ಟೆ.

“ಅನ್ವರ್, ನಿಜ ಹೇಳು. ನಮ್ಮ ದುಡ್ಡಲ್ಲಿ ನಿಂಗೆಷ್ಟು ಉಳೀತು?”

ಶಾಹೀನ್ ಭಾಭಿ ಚಮಚ ಕೆಳಗಿಟ್ಟರು. ಅನ್ವರ್ ನನ್ನ ಮುಖ ನೋಡಿದ. ಗೂಡು ಅಲ್ಲಾಡಿಸಿ ಒಳಗೆ ಹುಳು ಸತ್ತಿದೆ ಅಂತ ಗೊತ್ತಾದಾಗ ನೋಡುತ್ತಾನಲ್ಲ, ಹಾಗೆ. “ಏನೂ ಉಳೀಲಿಲ್ಲ ಕಣ್ಲಾ” ಅಂದು ಎದ್ದುಹೋದ. ಭಾಭಿ ತಟ್ಟೆ ಬಿಟ್ಟು ಅವನ ಹಿಂದೆಯೇ ಹೋದರು.

ನಾಗರತ್ನ ಕೈ ತೊಳೆದವಳೇ ಅವರ ರೂಮು ಹುಡುಕಿಕೊಂಡು ಹೋದಳು. ಒಂದು ಗಂಟೆಯ ಮೇಲೆ ಬಂದಾಗ ಕಣ್ಣು ಕೆಂಪಾಗಿತ್ತು.

“ಅವ್ರ ರೂಮಿಗೆ ಕಿಟಕೀನೇ ಇಲ್ಲ ಕಣ್ರೀ. ಲೈಟು ಆರಿಸಿದ್ರೆ ಬಾವಿ ಒಳಗಿದ್ದಂಗೆ. ಭಾಭಿಗೆ ಉಸಿರು ಕಟ್ಟಿದಂಗಾಗಿ ಬಾಗಿಲು ಒಸಿ ತಕ್ಕೊಂಡೇ ಮಲಗ್ತವ್ರಂತೆ.”

ಆಮೇಲೆ ಉಳಿದದ್ದನ್ನು ಹೇಳಿದಳು. ಮೊದಲು ಬುಕ್ ಆಗಿದ್ದ ಎರಡೂ ರೂಮಿಗೆ ಕಿಟಕಿ ಇರಲಿಲ್ಲವಂತೆ. ರೇಟು ಇಳಿದದ್ದನ್ನು ಅನ್ವರನೂ ಅದೇ ವಾರ ನೋಡಿದ್ದ. ಹತ್ತು ದಿನ ಟ್ರಾವೆಲ್ಸ್‌ನವರ ಬೆನ್ನು ಬಿದ್ದಿದ್ದ. ಹಣ ವಾಪಸು ಬರುವುದಿಲ್ಲ, ಬೇಕಾದರೆ ಒಂದು ರೂಮನ್ನು ಕಿಟಕಿಯಿರುವ ರೂಮಿಗೆ ಬದಲಾಯಿಸಿ ಕೊಡುತ್ತೇವೆ ಅಂದರಂತೆ. ಒಂದೇ ರೂಮು. “ನಾಗರತ್ನಮ್ಮ ಸಮುದ್ರ ನೋಡಕ್ಕೆ ಅಂತ ಬತ್ತಾವ್ರೆ, ಅವ್ರಿಗೆ ಇರ್ಲಿ” ಅಂತ ಭಾಭಿಯೇ ಹೇಳಿದರಂತೆ.

ಆ ಕಿಟಕಿಯ ಮುಂದೆ ನಿಂತು ಮೊದಲ ಸಲ ಸಮುದ್ರ ನೋಡಿದೆ. ನೋಡಿದೆ ಅಂತ ಹೇಳುವುದೂ ಸುಳ್ಳೇ, ಏನೂ ಕಾಣಲಿಲ್ಲ. ಕೆಳಗಿಳಿದು ಅವರ ಬಾಗಿಲು ತಟ್ಟಿ, ಕೊನೆಯ ಒಂದು ದಿನವಾದರೂ ರೂಮು ಬದಲಾಯಿಸಿಕೊಳ್ಳೋಣ ಅಂದೆ. “ನಾಳೆ ಇಳಿಯೋದೇ ಅಲ್ವಾ, ಬುಡು” ಅಂದ ಅನ್ವರ್. ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ.

ಊರಿಗೆ ಬಂದ ಮೇಲೆ ತಿಂಗಳುಗಟ್ಟಲೆ ಅವನು ಸಿಗಲಿಲ್ಲ. ಕೊನೆಗೆ ನಾನೇ ಫಿಲೇಚರಿಗೆ ಹೋಗಿ, ತಪ್ಪಾಯ್ತು ಅಂದೆ. “ಮೊದ್ಲೇ ಹೇಳಿದ್ರೆ ನೀನು ಅದ್ರಲ್ಲೂ ಏನೋ ಐತೆ ಅಂತಿದ್ದೆ, ಅದ್ಕೇ ಹೇಳ್ಲಿಲ್ಲ” ಅಂದು ನಕ್ಕ. ಟೀ ತರಿಸಿದ. ಕುಡಿದು ಲೋಟ ಇಟ್ಟ ಮೇಲೆ ಮೆಲ್ಲಗೆ, “ನನ್ನೊಬ್ಬನ್ನೇ ಕೇಳ್ಬೋದಾಗಿತ್ತು. ಶಾಹೀನ್ ಮುಂದೆ ಕೇಳ್ಬಾರ್ದಾಗಿತ್ತು” ಅಂದ.

ಅಲ್ಲಿಂದ ನಾವು ಮತ್ತೆ ಮಾತಾಡುತ್ತಿದ್ದೇವೆ, ನಗುತ್ತೇವೆ, ಕೆಂಗಲ್ಲಿನ ತನಕ ಒಂದೇ ಸ್ಕೂಟರಿನಲ್ಲಿ ಹೋಗಿಬರುತ್ತೇವೆ. ಆದರೆ ಒಂದು ಬದಲಾಗಿದೆ. ನನಗಾಗಿ ಒಂದು ಬಲ್ಬು ತಂದರೂ ಅನ್ವರ್ ಬಿಲ್ಲನ್ನು ಮುಂದಿಡುತ್ತಾನೆ. ಬೇಡ ಅಂದರೂ ಜೇಬಿಗೆ ತುರುಕುತ್ತಾನೆ.

ಈಗ ಸ್ವಲ್ಪ ಹೊತ್ತಿನ ಹಿಂದೆ ಅವನ ಫೋನು ಬಂತು. ಹೆಂಗಸರಿಬ್ಬರೂ ಮತ್ತೆ ಹೊರಡೋಣ ಅಂತಿದ್ದಾರಂತೆ. ಎಷ್ಟು ಅಂತ ನಾನು ಕೇಳಲಿಲ್ಲ. ಕೇಳದಿದ್ದರೂ ಅವನು ರೂಮಿನ ರೇಟು, ತೆರಿಗೆ, ರದ್ದು ಮಾಡಿದರೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಲ್ಲವನ್ನೂ ಪೈಸೆ ಬಿಡದೆ ಒಪ್ಪಿಸಿದ. ಪೂರ್ತಿ ಕೇಳಿಸಿಕೊಂಡು, “ಕಿಟಕಿ ಇರೋ ರೂಮು ನಿಮ್ಮ ಹೆಸರಿಗೆ ಹಾಕ್ಸು. ಇಲ್ಲದ್ದು ನಮಗಿರಲಿ” ಅಂದೆ.

ಆ ಕಡೆಯಿಂದ ಅವನು, “ಯಾಕ್ಲಾ?” ಅಂದ.

ಆ ಗುಮಾನಿಯ ದನಿಯ ಗುರುತು ನನಗೆ ಚೆನ್ನಾಗಿಯೇ ಇದೆ. ಅದು ನನ್ನದು.