ಅರ್ಜಿಗೆ ಮುಂಚೆ ಯಾರೂ ನೋಡಬಾರದು

ತರಗತಿಯಲ್ಲಿ ಯಾರಾದರೂ ಅನುಮಾನ ಕೇಳಲು ಕೈ ಎತ್ತಿದರೆ ಸಂಗಣ್ಣ ಅವರ ಮುಖ ನೋಡುವುದಿಲ್ಲ, ಬೆರಳು ನೋಡುತ್ತಾನೆ. ಎಲ್ಲ ಇವೆ ಎಂದು ಖಾತ್ರಿಯಾದ ಮೇಲೇ ಪ್ರಶ್ನೆ ಅವನ ಕಿವಿಗೆ ಬೀಳುವುದು. ಎದುರಿಗೆ ಕೂತವರೆಲ್ಲ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಎಂಜಿನಿಯರುಗಳು, ಮ್ಯಾನೇಜರುಗಳು. ಅವರೇನು ತಗಡು ಒತ್ತುವ ಪ್ರೆಸ್ಸಿಗೆ ಕೈ ಕೊಡುವವರಲ್ಲ. ಆದರೂ ನೋಡುತ್ತಾನೆ. ಏನು ಮಾಡೋದು, ಒಮ್ಮೆ ಹಿಡಿದದ್ದು ಬಿಡುವುದಿಲ್ಲ.

ಇವನು ಓದಿ ಮೇಷ್ಟ್ರಾದವನಲ್ಲ. ಬಾದಾಮಿ ಕಡೆಯಿಂದ ಬಂದು, ಪೀಣ್ಯದ ಶೆಡ್ಡುಗಳಲ್ಲಿ ತಗಡು ಒತ್ತುವ ಪ್ರೆಸ್ ಓಡಿಸಿ, ಕೊನೆಗೆ ಹಳೆಯ ಪ್ರೆಸ್ಸುಗಳನ್ನು ಕೊಂಡು ಸ್ವಂತ ವರ್ಕ್‌ಶಾಪ್ ಹಾಕಿದವನು. ಕೈ ಒಳಗಿದ್ದರೆ ಪ್ರೆಸ್ ಕೆಳಗಿಳಿಯದಂತೆ ಹಿಡಿಯುವ ಅಗ್ಗದ ತಡೆಯೊಂದನ್ನು ಕಂಡುಹಿಡಿದ. ಅದಕ್ಕೆ ಪೇಟೆಂಟ್ ಬಂತು, ದೊಡ್ಡ ಕಂಪನಿಯೊಂದು ಅದನ್ನು ತಯಾರಿಸುವ ಹಕ್ಕು ಪಡೆಯಿತು. ಹೊಸ ತಂತ್ರಜ್ಞಾನವನ್ನು ಕಾನೂನಿನಲ್ಲಿ ಭದ್ರ ಮಾಡಿಕೊಂಡು ಮಾರುಕಟ್ಟೆಗೆ ಒಯ್ಯುವುದು ಹೇಗೆಂದು ಕಲಿಸುವ ತರಬೇತಿ ಕೇಂದ್ರದ ವೇಣಿ ಮೇಡಂ, ತಮ್ಮ ಈ ಹಳೆಯ ವಿದ್ಯಾರ್ಥಿಯನ್ನೇ ಕರೆತಂದು ಪಾಠಕ್ಕೆ ನಿಲ್ಲಿಸಿದರು. ಅನುಭವಸ್ಥನ ಮಾತಿಗೆ ಬೆಲೆ ಜಾಸ್ತಿ ಅಲ್ಲವೇ?

ಅವನು ಹೇಳುವ ಕತೆ ಕೇಂದ್ರದಲ್ಲಿ ಎಲ್ಲರಿಗೂ ಬಾಯಿಪಾಠ. ವರ್ಕ್‌ಶಾಪಿನ ಮಹಾದೇವಿ ಎಂಬ ಹೆಂಗಸಿನ ಬಲಗೈ ಬೆರಳುಗಳು ಪ್ರೆಸ್ಸಿಗೆ ಸಿಕ್ಕಿ ಹೋದವು. ಅದನ್ನು ಕಂಡು ಸಂಗಣ್ಣನ ಕರುಳು ಕಿವುಚಿತು. ಆ ಸಂಕಟದಲ್ಲೇ ತಡೆ ಹುಟ್ಟಿತು. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಕತೆ ಸುಳ್ಳು.

ತಡೆ ಅಪಘಾತಕ್ಕೆ ಮುಂಚೆಯೇ ಸಿದ್ಧವಾಗಿತ್ತು. ಅರ್ಜಿ ಹಾಕುವ ಮುಂಚೆ ಹೊರಗಿನವರು ನೋಡಿಬಿಟ್ಟರೆ ಪೇಟೆಂಟ್ ಕೈತಪ್ಪಬಹುದು ಎಂದು ವೇಣಿ ಮೇಡಂ ತರಬೇತಿಯಲ್ಲಿ ಹೇಳಿದ್ದರು. ಅಷ್ಟನ್ನು ಇವನು ಗಟ್ಟಿಯಾಗಿ ಹಿಡಿದುಕೊಂಡ. ಕೆಲಸ ಅರೆಬರೆ ಆಗಿದ್ದರೂ ತಾತ್ಕಾಲಿಕ ಅರ್ಜಿ ಹಾಕಿಬಿಡಿ ಎಂದೂ ಅವರು ಹೇಳಿದ್ದರು. ಅದನ್ನು ಮಾತ್ರ ಇನ್ನೊಂಚೂರು ನಯ ಮಾಡೋಣ, ಇನ್ನೊಂಚೂರು ಎಂದು ಮುಂದೂಡುತ್ತ ಬಂದ. ಅಷ್ಟರಲ್ಲಿ ಆಯುಧಪೂಜೆ. ಆವತ್ತು ಪೀಣ್ಯದಲ್ಲಿ ಯಾವ ಶೆಡ್ಡಿನ ಬಾಗಿಲೂ ಮುಚ್ಚಿರುವುದಿಲ್ಲ. ಅಕ್ಕಪಕ್ಕದವರು, ಗಿರಾಕಿಗಳು, ಅವರ ಮಕ್ಕಳುಮರಿ ಎಲ್ಲ ಬಂದು, ಹೂ ಮುಡಿದ ಯಂತ್ರಗಳನ್ನು ನೋಡಿ, ಪುರಿ ಕಟ್ಟಿಸಿಕೊಂಡು ಹೋಗುತ್ತಾರೆ. ತಡೆ ಕೂರಿಸಿದ್ದ ಪ್ರೆಸ್ಸಿನ ಮೇಲೆ ಸಂಗಣ್ಣ ತಾಡಪಾಲು ಎಳೆದ.

"ಇದನ್ನ ಯಾರೂ ಎತ್ತಬ್ಯಾಡ್ರಿ. ಯಾರರ ನೋಡಿದ್ರ ನನ್ನ ಅರ್ಜಿ ಹಾಳಾಕ್ಕೈತಿ" ಎಂದು ಕೆಲಸದವರಿಗೆಲ್ಲ ಸಾರಿದ.

ಹಬ್ಬ ಮುಗಿದರೂ ತಾಡಪಾಲು ಇಳಿಯಲಿಲ್ಲ. ಆ ವಾರವೇ ಪಕ್ಕದ ಪ್ರೆಸ್ಸಿನಲ್ಲಿ ಮಹಾದೇವಿಯ ಕೈ ಹೋಯಿತು. ಆಸ್ಪತ್ರೆಯಿಂದ ಬಂದವನೇ ಸಂಗಣ್ಣ ಅರ್ಜಿಗೆ ಸಹಿ ಹಾಕಿದ. ಆಗ ಅದಕ್ಕೆ ಯಾವ ನಯವೂ ಬೇಕಾಗಲಿಲ್ಲ ನೋಡಿ.

ಅಲ್ಲಿಂದಾಚೆ ಅವನಿಗೆ ನೆಮ್ಮದಿಯೆಂಬುದಿಲ್ಲ. ಬಸ್ಸಿನ ಬಾಗಿಲು ಧಡ್ ಎಂದರೂ ಎದೆ ಹಾರುತ್ತದೆ. ಪಾಠದ ನಡುವೆ "ಅರ್ಜಿ ಹಾಕೋತನಕ ಮುಚ್ಚಿಡ್ರಿ" ಎನ್ನುವಾಗ ಬೆನ್ನ ಹಿಂದೆ ಪ್ರೆಸ್ ಇಳಿದ ಸದ್ದು ಕೇಳಿಸಿ ಮಾತು ತಡವರಿಸುತ್ತದೆ. ಮಹಾದೇವಿಯೂ ಅವನ ಸೀಮೆಯವಳೇ. ಈಗಲೂ ಅವನ ವರ್ಕ್‌ಶಾಪಿನಲ್ಲೇ ಪ್ಯಾಕಿಂಗ್ ನೋಡಿಕೊಳ್ಳುತ್ತಾಳೆ, ಎಡಗೈಯಲ್ಲೇ ಎಲ್ಲ ಮಾಡಿಕೊಂಡು ಹೋಗುತ್ತಾಳೆ, ಒಂದು ದಿನಕ್ಕೂ ದೂರಿದವಳಲ್ಲ. ತನ್ನ ಕೈ ಉಳಿಸಬಹುದಾಗಿದ್ದ ವಸ್ತು ಮಾರು ದೂರದಲ್ಲೇ ಇತ್ತು ಎಂದು ಅವಳಿಗೆ ತಿಳಿದರೆ? ಆ ಭಯ ಅವನನ್ನು ತಿಂದು ಹಾಕುತ್ತಿತ್ತು. ಪೇಟೆಂಟ್ ಹೋದರೆ ಸಹಿಸಿಯಾನು, ಅವಳಿಗೆ ತಿಳಿಯುವುದನ್ನು ಸಹಿಸಲಾರ.

ಈ ಸಲದ ತಂಡವನ್ನು ವೇಣಿ ಮೇಡಂ ವರ್ಕ್‌ಶಾಪಿಗೇ ಕರೆತಂದರು. ಸಂಗಣ್ಣ ಮಾಮೂಲಿ ಕತೆ ಶುರು ಮಾಡಿದ. ಮಹಾದೇವಿ ರಟ್ಟಿನ ಪೆಟ್ಟಿಗೆಗಳ ಹತ್ತಿರ ನಿಂತು ಕೇಳುತ್ತಿದ್ದಳು. ತಂಡದಲ್ಲಿದ್ದ ಲೋಕೇಶ್ ಎಂಬ ಎಂಜಿನಿಯರ್ ಮುಂದೆ ಬಂದ.

"ಸಾರ್, ಯಾವ ಪೇಟೆಂಟ್ ತಗೊಂಡ್ರೂ ಮೊದಲು ಡೇಟ್ ನೋಡಿ ಅಂತ ಹೇಳ್ಕೊಟ್ರಲ್ಲ, ನಿಮ್ದನ್ನೇ ನೋಡ್ದೆ. ಆಕ್ಸಿಡೆಂಟ್ ಆಗಿದ್ದು ದಸರಾ ವಾರ ಅಂತೀರ. ಫೈಲ್ ಆಗಿರೋದೂ ಅದೇ ವಾರ, ಡ್ರಾಯಿಂಗ್ ಸಮೇತ. ಅಷ್ಟು ಬೇಗ ಹೆಂಗ್ ಮಾಡಿದ್ರಿ?"

ಅವನು ಕುಹಕಕ್ಕೆ ಕೇಳಿದ್ದಲ್ಲ, ಪಾಪ, ಕಲಿಯಲು ಕೇಳಿದ್ದು. ಬೇಕೆಂದರೆ ಸಂಗಣ್ಣ ಇನ್ನೊಂದು ಸುಳ್ಳು ಪೋಣಿಸಬಹುದಿತ್ತು. ಆದರೆ ಮಹಾದೇವಿಯೂ ಉತ್ತರಕ್ಕಾಗಿ ಅವನನ್ನೇ ನೋಡುತ್ತಿದ್ದಳು. ಅವನಿಗೆ ಸಾಕಾಗಿ ಹೋಗಿತ್ತು.

"ಮೊದಲ ಆಗಿತ್ರಿ" ಎಂದ. "ಈಕಿ ಕೈ ಹೋದಾಗ ಅದು ಬಾಜೂಕ ಇತ್ತು. ತಾಡಪಾಲು ಹೊಚ್ಚಿ ಇಟ್ಟಿದ್ದೆ."

ವೇಣಿ ಮೇಡಂ ತಲೆ ತಗ್ಗಿಸಿದರು. ಸಂಗಣ್ಣ ಮಹಾದೇವಿಯ ಕಡೆ ತಿರುಗಿ ನಿಂತ. ಬೈಯಲಿ, ಉಗಿಯಲಿ, ಏನಾದರೂ ಮಾಡಲಿ ಎಂದು ಕಾದ.

"ನನಗ ಗೊತ್ತಿತ್ತಣ್ಣಾ" ಎಂದಳು ಆಕೆ. "ಹಬ್ಬದ ದಿನ ಅದಕ್ಕೊಂದಕ್ಕ ಪೂಜಿ ಇಲ್ಲಲ್ಲ ಅಂತ ಜೀವ ತಡೀಲಿಲ್ಲ. ತಾಡಪಾಲು ಎತ್ತಿ ಕುಂಕುಮ ಹಚ್ಚಿದೆ. ನೋಡಿದ ಕೂಡ್ಲೆ ತಿಳೀತು, ಕೈ ಉಳಿಸೂದು ಅಂತ."

"ಮತ್ತ ನನ್ನ ಪ್ರೆಸ್ಸಿಗೂ ಹಾಕ್ರಿ ಅಂತ ಯಾಕ ಕೇಳಲಿಲ್ಲವ್ವ?" ಎಂದ ಸಂಗಣ್ಣ.

"ಕೇಳಿದ್ರ ನಾ ನೋಡೀನಿ ಅಂತ ಗೊತ್ತಾಗತಿತ್ತಲ್ಲ. ಅರ್ಜಿ ಹಾಳಾಕ್ಕೈತಿ ಅಂದಿದ್ರಿ." ಅವಳು ಬಂದವರನ್ನೆಲ್ಲ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಈಗ ಇವರ ಮುಂದ ಅಂದುಬಿಟ್ಟೆ. ಏನೂ ಆಗೂದಿಲ್ಲಲ್ಲ?"

ಈ ಪ್ರಶ್ನೆಯ ಉತ್ತರ ಅವನು ಪ್ರತಿ ತಂಡಕ್ಕೂ ಕಲಿಸುವ ಪಾಠವೇ. ಹೇಳದೆ ವಿಧಿಯಿರಲಿಲ್ಲ.

"ಇಲ್ಲವ್ವ. ಗುಟ್ಟು ಕಾಯೋ ನಮ್ಮ ಕೆಲಸದ ಮಂದಿ ನೋಡಿದ್ರ ಅರ್ಜಿಗೆ ಏನೂ ಆಗೂದಿಲ್ಲ." ಎಂದ. "ಆವತ್ತೂ ಆಗತಿರಲಿಲ್ಲ."

ಮಹಾದೇವಿ ತನ್ನ ಬಲಗೈಯನ್ನು ನೋಡಿಕೊಂಡಳು. ಕೈ ಹೋದ ದಿನವೂ ಅಳದಿದ್ದ ಹೆಂಗಸು ಅಲ್ಲೇ ನೆಲದ ಮೇಲೆ ಕೂತು ಅತ್ತಳು.